ಬಾಗುವ ಕಣ್ಣು

ಮಂಗಳೂರಿನ ಅತ್ತಾವರದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದಿದೆ. ಅಂತಹ ಯಾವುದೇ ದೊಡ್ಡ ಆಸ್ಪತ್ರೆಯ ಕ್ಷ-ಕಿರಣ ವಿಭಾಗದಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ರೋಗಿಯು ಎದೆಯನ್ನು ಚಪ್ಪಟೆಯಾದ ಫಲಕಕ್ಕೆ ಒತ್ತಿ, ಹೆಗಲನ್ನು ಮುಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಮನುಷ್ಯನ ಮೈಯಲ್ಲಿ ಚಪ್ಪಟೆಯಾದ ಭಾಗವೆಂಬುದು ಇಲ್ಲವೇ ಇಲ್ಲ. ಆದರೂ ಬಾಗಬೇಕಾದವನು ಅವನು, ಉಪಕರಣವಲ್ಲ. ಕಿರಣವನ್ನು ಹಾಯಿಸುವ ಸಹಾಯಕನಾದರೋ ಸೀಸದ ತಡೆಯ ಹಿಂದೆ ನಿಂತಿರುತ್ತಾನೆ. ಏಕೆಂದರೆ ಕ್ಷ-ಕಿರಣವು ಜೀವಕೋಶಗಳಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುವಷ್ಟು ಪ್ರಬಲವಾದುದು.

ಈ ಎರಡು ತೊಡಕುಗಳೂ ಇಲ್ಲದ ನೋಟವೊಂದು ಸಾಧ್ಯವೆ? ರೇಡಿಯೋ ಬಳಗದ ಸೂಕ್ಷ್ಮತರಂಗಗಳಿಗೂ ಬಿಸಿಯ ವಸ್ತುಗಳು ಸೂಸುವ ಅವಕೆಂಪು ಕಿರಣಗಳಿಗೂ ನಡುವೆ ಟೆರಾಹರ್ಟ್ಸ್ ತರಂಗಗಳಿವೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಕಂಪಿಸುವುದೇ ಒಂದು ಟೆರಾಹರ್ಟ್ಸ್. ಅದರ ತರಂಗದೂರ 0.3 ಮಿಲಿಮೀಟರು. ಬಟ್ಟೆ, ಕಾಗದ, ಪ್ಲಾಸ್ಟಿಕ್ಕುಗಳನ್ನು ಅದು ಹಾದುಹೋಗುತ್ತದೆ; ಲೋಹಕ್ಕೆ ತಗುಲಿದರೆ ಹಿಂದಿರುಗುತ್ತದೆ. ಅದರ ಒಂದೊಂದು ಶಕ್ತಿಕಣದ ಬಲ ಕ್ಷ-ಕಿರಣದ ಕಣದ ಬಲದಲ್ಲಿ ಸುಮಾರು ಕೋಟಿಯಲ್ಲೊಂದು ಪಾಲು. ಅದು ಪರಮಾಣುವನ್ನು ಒಡೆಯಲಾರದು.

ಹಾಗಿದ್ದರೆ ಅದನ್ನು ಇಷ್ಟು ಕಾಲ ಬಳಸದೆ ಇದ್ದುದೇಕೆ? ಕಾಣಬಲ್ಲ ಕಣ್ಣಿರಲಿಲ್ಲ. ರೇಡಿಯೋ ಉಪಕರಣಗಳಿಗೆ ಆ ವೇಗ ಎಟುಕದು. ಬೆಳಕನ್ನು ಹಿಡಿಯುವ ಉಪಕರಣಗಳಿಗೆ ಆ ಕಣಗಳು ತೀರ ದುರ್ಬಲ. ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟವರಲ್ಲಿ ಜಗದೀಶಚಂದ್ರ ಬೋಸರು ಒಬ್ಬರು. ರಾಂಟ್ಜನ್ ಜರ್ಮನಿಯಲ್ಲಿ ಕ್ಷ-ಕಿರಣವನ್ನು ಕಂಡ 1895ರಲ್ಲೇ ಬೋಸರು ಕಲ್ಕತ್ತೆಯಲ್ಲಿ ಕಿರುತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದರು. ಅವರ ತರಂಗಗಳು 5 ಮಿಲಿಮೀಟರಿನಷ್ಟು ಕಿರಿದಾಗಿದ್ದವು. ಅವನ್ನು ಹಿಡಿಯಲು ಅವರು ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ಬಳಸಿದರು. ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಆದರೆ ಹರಳು ಬಾಗುವ ವಸ್ತುವಲ್ಲ.

ಬಾಗುವ ವಸ್ತು ದೊರೆತದ್ದು ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟಿನಿಂದ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿಗೆ ಅಂಟುಪಟ್ಟಿಯನ್ನು ಅಂಟಿಸಿ ಕೀಳುತ್ತ, ಒಂದೇ ಪರಮಾಣುವಿನಷ್ಟು ದಪ್ಪವಿರುವ ಇಂಗಾಲದ ಪೊರೆಯನ್ನು ಪಡೆದರು. ಅದೇ ಗ್ರಾಫೀನ್. ಇಂತಹ ಸುಮಾರು 30 ಲಕ್ಷ ಪೊರೆಗಳನ್ನು ಪೇರಿಸಿದರೆ ಒಂದು ಮಿಲಿಮೀಟರಾದೀತು! ಈ ಕೆಲಸಕ್ಕೆ 2010ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಅದಕ್ಕೂ ಮುನ್ನವೇ ಗ್ರಾಫೀನ್ ಟ್ರಾನ್ಸಿಸ್ಟರಿನ ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿತ್ತು. ಅಜಯ್ ಕುಮಾರ್ ಸೂದ್ ಮತ್ತು ಅವರ ಸಂಗಡಿಗರು ಟ್ರಾನ್ಸಿಸ್ಟರಿನ ದ್ವಾರದಲ್ಲಿ ವಿದ್ಯುತ್ತಿನ ಒತ್ತಡವನ್ನು ಬದಲಿಸುತ್ತ, ಪೊರೆಯೊಳಗೆ ಎಲೆಕ್ಟ್ರಾನುಗಳು ಸೇರುವುದನ್ನು ರಾಮನ್ ಪರಿಣಾಮದ ಮೂಲಕ ಗುರುತಿಸಿದರು. 2008ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ಗೈಮ್, ನೊವೊಸೆಲೊವ್ ಇಬ್ಬರೂ ಇದ್ದಾರೆ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಪರಿಣಾಮವು, ಅವರೇ 1933ರಿಂದ ದುಡಿದ ಸಂಸ್ಥೆಯಲ್ಲಿ, ಹೀಗೆ ಹೊಸ ವಸ್ತುವೊಂದನ್ನು ಅರಿಯಲು ನೆರವಾಯಿತು.

ಟ್ರಾನ್ಸಿಸ್ಟರು ತರಂಗವನ್ನು ಹಿಡಿಯುವ ಬಗೆಯನ್ನು ಕರಾವಳಿಯವರಿಗೆ ಸುಲಭವಾಗಿ ವಿವರಿಸಬಹುದು. ನದಿಯ ಅಳಿವೆಯ ಬಳಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟುವ ಅಡ್ಡಗಟ್ಟೆಗೆ ಬಾಗಿಲಿರುವುದುಂಟು. ಉಬ್ಬರದಲ್ಲಿ ನೀರಿನ ಒತ್ತಡಕ್ಕೆ ಅದು ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತೆರೆದುಕೊಳ್ಳುತ್ತದೆ. ಕಡಲು ಎರಡೂ ಕಡೆಗೆ ಸಮನಾಗಿ ತೂಗಿದರೂ ಗದ್ದೆಯ ನೀರು ಹರಿಯುವುದು ಒಂದೇ ಕಡೆಗೆ. ಟೆರಾಹರ್ಟ್ಸ್ ತರಂಗವೂ ಗ್ರಾಫೀನಿನ ಎಲೆಕ್ಟ್ರಾನುಗಳನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದೇ ಹೊತ್ತಿಗೆ ದ್ವಾರದ ಒತ್ತಡವನ್ನೂ ಏರಿಳಿಸುತ್ತದೆ. ಆದುದರಿಂದ ಒಂದು ದಿಕ್ಕಿನ ಹರಿವು ಮತ್ತೊಂದಕ್ಕಿಂತ ತುಸು ಹೆಚ್ಚಾಗಿ, ಅಳೆಯಬಹುದಾದ ಸ್ಥಿರ ವಿದ್ಯುತ್ತು ಉಳಿಯುತ್ತದೆ. ತರಂಗ ಬಲವಾದಷ್ಟೂ ಈ ಉಳಿಕೆ ಹೆಚ್ಚು. ಟ್ರಾನ್ಸಿಸ್ಟರು ಹೀಗೆ ಟೆರಾಹರ್ಟ್ಸ್ ತರಂಗಗಳಿಗೆ ಸ್ಪಂದಿಸಬಲ್ಲುದೆಂಬ ವಿಚಾರವನ್ನು ದ್ಯಾಕೊನೊವ್ ಮತ್ತು ಶುರ್ ಎಂಬ ಭೌತವಿಜ್ಞಾನಿಗಳು 1990ರ ದಶಕದಲ್ಲಿ ಮುಂದಿಟ್ಟಿದ್ದರು.

2017ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಗ್ರಾಫೀನ್ ಟ್ರಾನ್ಸಿಸ್ಟರನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ರಚಿಸಿ ಬಾಗಬಲ್ಲ ಶೋಧಕವನ್ನು ಮಾಡಿದರು. ತಂಪುಪಾನೀಯದ ಬಾಟಲಿಗಳನ್ನು ತಯಾರಿಸುವುದೂ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದಲೇ. ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲೇ ಅದು 0.33ರಿಂದ 0.5 ಟೆರಾಹರ್ಟ್ಸ್‌ವರೆಗಿನ ತರಂಗಗಳನ್ನು ಗ್ರಹಿಸಿತು. ಅದರ ಹಿಂದಿನ ವರ್ಷ ಟೋಕಿಯೋದ ವಿಜ್ಞಾನಿಗಳು ಗ್ರಾಫೀನಿನ ಸೋದರನೆನ್ನಬಹುದಾದ ಇಂಗಾಲದ ಸೂಕ್ಷ್ಮ ಕೊಳವೆಗಳಿಂದ ಬಾಗುವ ಶೋಧಕವನ್ನು ಮಾಡಿ, ಮನುಷ್ಯನ ಕೈಯ ಚಿತ್ರವನ್ನು ಪಡೆದಿದ್ದರು.

ಇದು ಕ್ಷ-ಕಿರಣದ ಸ್ಥಾನವನ್ನು ಆಕ್ರಮಿಸುವುದೆಂದು ತಿಳಿಯಬಾರದು. ನೀರು ಟೆರಾಹರ್ಟ್ಸ್ ತರಂಗವನ್ನು ಹೀರಿಬಿಡುತ್ತದೆ. ಮೈಯೊಳಗೆ ಅದು ಮಿಲಿಮೀಟರಿಗಿಂತ ಆಳಕ್ಕೆ ಇಳಿಯುವುದು ಕಷ್ಟ. ಮುರಿದ ಮೂಳೆ ಅದಕ್ಕೆ ಕಾಣದು. ಜೂನಿನಿಂದ ಸೆಪ್ಟೆಂಬರಿನವರೆಗೆ ಅತ್ತಾವರದ ಬೀದಿಗಳಲ್ಲಿ ತುಂಬಿರುವ ತೇವದ ಗಾಳಿಯೇ ಅದನ್ನು ಬಹುದೂರ ಹೋಗಗೊಡದು. ಆದರೆ ಈ ದೋಷವೇ ಒಂದು ಗುಣವೂ ಹೌದು. ಸುಟ್ಟಗಾಯದಲ್ಲಿ ಚರ್ಮದ ನೀರಿನ ಅಂಶ ಎಲ್ಲೆಲ್ಲಿ ಎಷ್ಟು ವ್ಯತ್ಯಾಸವಾಗಿದೆ ಎಂಬುದನ್ನು, ಗಾಯವನ್ನು ಮುಟ್ಟದೆಯೇ ಈ ತರಂಗ ತೋರಿಸಬಲ್ಲುದು. ಪ್ರಯೋಗಶಾಲೆಗಳಲ್ಲಿ ಇದರ ಪರೀಕ್ಷೆಗಳು ನಡೆದಿವೆ. ಸುಟ್ಟ ತೋಳನ್ನು ಚಪ್ಪಟೆ ಫಲಕಕ್ಕೆ ಒತ್ತುವಂತಿಲ್ಲವಷ್ಟೆ! ಅಲ್ಲಿ ಬೇಕಾದುದು ತೋಳನ್ನು ಸುತ್ತುವರಿಯುವ ಹಾಳೆ.

ಅಂತಹ ಹಾಳೆಯನ್ನು ಮಾಡುವುದು ಸುಲಭದ ಮಾತಲ್ಲ. ಒಂದು ಶೋಧಕ ಒಂದು ಸಲಕ್ಕೆ ಕಾಣುವುದು ಒಂದೇ ಬಿಂದುವನ್ನು. ಮಿಲಿಮೀಟರಿಗೊಂದರಂತೆ ಜೋಡಿಸಿದರೆ ಅಂಗೈಯಗಲದ, ಎಂದರೆ 10 ಸೆಂಟಿಮೀಟರು ಚಚ್ಚೌಕದ ಹಾಳೆಗೆ 10,000 ಟ್ರಾನ್ಸಿಸ್ಟರುಗಳು ಬೇಕು. ಅವೆಲ್ಲವೂ, ಹಾಳೆ ಬಾಗಿದಾಗಲೂ, ಒಂದೇ ಅಳತೆಯನ್ನು ಹೇಳಬೇಕು.