ಅಚ್ಚಿಲ್ಲದೆ ಹಾಯಿದೋಣಿ

ಗಾಜಿನೆಳೆ ಮತ್ತು ರಾಳಗಳ ಹಾಯಿದೋಣಿಗೆ ಸಾಮಾನ್ಯವಾಗಿ ಪೂರ್ಣಾಕಾರದ ಅಚ್ಚು ಬೇಕು. ಹತ್ತಾರು ದೋಣಿಗಳಿಗೆ ಆ ವೆಚ್ಚ ಹಂಚಿಹೋಗುತ್ತದೆ. ಒಂದೇ ದೋಣಿಗಾದರೆ ಅದು ದುಂದೇ ಸರಿ.

ಅಚ್ಚಿಲ್ಲದ ಕ್ರಮದಲ್ಲಿ ಮರದ ಪಟ್ಟಿಗಳ ಹಗುರ ಚೌಕಟ್ಟಿನ ಮೇಲೆ ಗಟ್ಟಿನೊರೆಯ ಹಾಳೆಗಳನ್ನು ಬಾಗಿಸಿ ಕೂರಿಸಿ, ರಾಳದಲ್ಲಿ ನೆನೆಸಿದ ಗಾಜಿನೆಳೆಯ ಬಟ್ಟೆಯನ್ನು ಹೊರಮೈಗೆ ಹೊದಿಸುವರು. ಅದು ಗಟ್ಟಿಯಾದ ಮೇಲೆ ಚೌಕಟ್ಟನ್ನು ಕಳಚಿ, ಒಳಮೈಗೂ ಹಾಗೆಯೇ ಹೊದಿಸುವರು. ಎರಡು ತೆಳುಪದರಗಳನ್ನು ದೂರವಿರಿಸುವ ನೊರೆಯು ತೂಕವನ್ನು ಅಷ್ಟಾಗಿ ಹೆಚ್ಚಿಸದೆ ಒಡಲಿಗೆ ಬಿಗುವನ್ನು ಕೊಡುತ್ತದೆ. ಇಂಥ ನೊರೆತಿರುಳಿನ ಒಡಲುಳ್ಳ, ಇಂಗ್ಲೆಂಡಿನ ಡೆರೆಕ್ ಕೆಲ್ಸಾಲ್ ಅವರ ಮೂರೊಡಲ ದೋಣಿ ‘ಟೋರಿಯಾ’ 1966ರಲ್ಲಿ ಬ್ರಿಟನ್ ಪ್ರದಕ್ಷಿಣೆಯ ಪಂದ್ಯವನ್ನು ಗೆದ್ದಿತು.

ಆದರೆ ಅಚ್ಚು ಕೊಡುತ್ತಿದ್ದ ನುಣುಪನ್ನು ಇಲ್ಲಿ ಕೈಯಿಂದಲೇ ಉಜ್ಜಿ ತರಬೇಕು, ಬೇಸರದ ದುಡಿಮೆ! ಅಂಟಿನ ವಿಷಯ ಇನ್ನೂ ಗಂಭೀರ. ನೊರೆಗೂ ಪದರಕ್ಕೂ ನಡುವೆ ಉಳಿದ ಗಾಳಿ ಹೊರಗೆ ಕಾಣದು. ಅಲೆಗಳ ಹೊಡೆತಕ್ಕೆ ಪದರವು ಅಲ್ಲಿಂದಲೇ ಬಿಡತೊಡಗುತ್ತದೆ.