ಭಿನ್ನ ಗಣಕಯಂತ್ರಗಳು, ಒಂದೇ ಜಾಲ: ಹೊಂದಿಸುವ ಕ್ರಮ

(ಗ್ರಾಮ ಪಂಚಾಯಿತಿ ಗಣಕಯಂತ್ರ ನಿರ್ವಾಹಕರ ಅಧ್ಯಯನಕ್ಕಾಗಿ)

ಕಚೇರಿಯೊಂದರ ಗಣಕಯಂತ್ರಗಳು ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಖರೀದಿಯಾದವುಗಳಲ್ಲ. ಒಂದರಲ್ಲಿ 2 ಜಿಬಿ ರ್‍ಯಾಮ್ ಇದ್ದರೆ ಇನ್ನೊಂದರಲ್ಲಿ 8 ಜಿಬಿ ಇರುತ್ತದೆ. ಒಂದರಲ್ಲಿ ಹಳೆಯ ಹಾರ್ಡ್ ಡಿಸ್ಕ್, ಮತ್ತೊಂದರಲ್ಲಿ ಎಸ್‌ಎಸ್‌ಡಿ. ಆದರೆ ಸರದಿಯಲ್ಲಿ ನಿಂತ ಅರ್ಜಿದಾರರಿಗೆ ಈ ಭೇದದಿಂದ ತೊಂದರೆಯಾಗಬಾರದು. ಸಿಬ್ಬಂದಿ ಯಾವ ಯಂತ್ರದ ಮುಂದೆ ಕುಳಿತರೂ ಅದೇ ಕಡತ ತೆರೆಯಬೇಕು, ಅದೇ ಪ್ರಿಂಟರಿನಲ್ಲಿ ಮುದ್ರಣವಾಗಬೇಕು. ಇದಕ್ಕೆ ಸೂತ್ರ ಒಂದೇ: ಸಮಾನವಾದುದನ್ನು ಒಂದೆಡೆ ಇರಿಸುವುದು, ಭಿನ್ನವಾದುದನ್ನು ಆಯಾ ಯಂತ್ರಕ್ಕೆ ಬಿಟ್ಟು, ಬರೆದಿಡುವುದು.

1. ವಿವರ ಪಟ್ಟಿ: ಪ್ರತಿ ಯಂತ್ರಕ್ಕೂ ಪ್ರತ್ಯೇಕ ಹೆಸರನ್ನು ನೀಡಿ, ಅದರ ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಆಪರೇಟಿಂಗ್ ಸಿಸ್ಟಂ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ವಹಿಯಲ್ಲಿ ದಾಖಲಿಸತಕ್ಕದ್ದು. ಪ್ರಿಂಟರಿನ ಡ್ರೈವರ್ ಆಯ್ಕೆಗೆ ಈ ಕೊನೆಯ ವಿವರ ಅತ್ಯಗತ್ಯ.

2. ಡಿಸ್ಕಿನ ನಕಲು: ಒಂದು ಯಂತ್ರದ ಡಿಸ್ಕನ್ನು ಯಥಾವತ್ತಾಗಿ ಬೇರೊಂದು ಮಾದರಿಯ ಯಂತ್ರಕ್ಕೆ ನಕಲಿಸುವುದು ಸುಲಭವೆನಿಸಬಹುದು. ಆದರೆ ಯಂತ್ರಾಂಶ ಭಿನ್ನವಾಗಿದ್ದರೆ ಡ್ರೈವರ್‌ಗಳು ಹೊಂದದಿರಬಹುದು. ಒಂದೇ ಹೆಸರಿನ ಎರಡು ಯಂತ್ರಗಳು ಜಾಲದಲ್ಲಿ ಗೊಂದಲ ಉಂಟುಮಾಡುತ್ತವೆ.

3. ವಿಳಾಸ: ಸಾಮಾನ್ಯ ಯಂತ್ರಗಳಿಗೆ ರೂಟರ್ ತಾನೇ ಐಪಿ ವಿಳಾಸ ನೀಡಲಿ. ಪ್ರಿಂಟರಿಗೂ ಕಡತಗಳನ್ನು ಹೊತ್ತ ಯಂತ್ರಕ್ಕೂ ಸ್ಥಿರ ವಿಳಾಸವಿರಲಿ. ಅದು ರೂಟರ್ ಹಂಚುವ ವಿಳಾಸಗಳ ವ್ಯಾಪ್ತಿಯ ಹೊರಗಿರಬೇಕು. ಇಲ್ಲವಾದಲ್ಲಿ ಎರಡು ಸಾಧನಗಳಿಗೆ ಒಂದೇ ವಿಳಾಸ ಬಂದು, ನಿನ್ನೆ ನಡೆದ ಮುದ್ರಣ ಇಂದು ನಿಲ್ಲಬಹುದು.

4. ಹಂಚಿಕೆ: ಇಡೀ ಡಿಸ್ಕನ್ನು ಹಂಚದೆ, ಅಗತ್ಯವಾದ ಫೋಲ್ಡರನ್ನು ಮಾತ್ರ ಹಂಚಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ನೀಡತಕ್ಕದ್ದು. ಹಳೆಯ ಯಂತ್ರವೊಂದರ ಸಲುವಾಗಿ ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ವಿಧಾನವನ್ನು ಪುನಃ ಚಾಲನೆಗೊಳಿಸಕೂಡದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹಾವಳಿ ಜಾಲದಿಂದ ಜಾಲಕ್ಕೆ ಹರಡಿದ್ದು ಅದರಲ್ಲಿನ ದೋಷದ ಮೂಲಕವೇ. ಅಂತಹ ಯಂತ್ರವನ್ನು ಜಾಲದಿಂದ ಹೊರಗಿಡುವುದೇ ಲೇಸು.

5. ಗಡಿಯಾರ: ಹಳೆಯ ಯಂತ್ರದ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಬರಿದಾದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ಆಗ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಇಂಟರ್ನೆಟ್ ಸಂಪರ್ಕವನ್ನು ದೂರುವ ಮುನ್ನ ದಿನಾಂಕ ನೋಡಿರಿ.

6. ಕನ್ನಡ: ಹಂಚಿಕೆಯ ಕಡತಗಳು ಯೂನಿಕೋಡ್‌ನಲ್ಲಿಯೇ ಇರಲಿ. ಹಳೆಯ ಫಾಂಟ್ ಆಧಾರಿತ ಬರಹವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಹಂಚಿಕೆಯು ಪ್ರತಿರಕ್ಷಣೆಯಲ್ಲ ಎಂಬುದನ್ನು ಮರೆಯಬಾರದು. ಕಡತಗಳಿರುವ ಒಂದು ಡಿಸ್ಕ್ ಕೆಟ್ಟರೆ ಎಲ್ಲ ಯಂತ್ರಗಳೂ ಬರಿದಾಗುತ್ತವೆ. ಆದ್ದರಿಂದ ನಿಯತವಾಗಿ ಬಾಹ್ಯ ಡಿಸ್ಕಿಗೆ ಪ್ರತಿ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಇರಿಸಿರಿ.

ಕೆಲಸ ಮುಗಿಯಿತೆನ್ನುವ ಮುನ್ನ ಪ್ರತಿ ಯಂತ್ರದಿಂದಲೂ ಒಂದೇ ಕಡತವನ್ನು ತೆರೆದು, ತಿದ್ದಿ, ಉಳಿಸಿ, ಮುದ್ರಿಸಿ ನೋಡತಕ್ಕದ್ದು. ಮಾಡಿದ ಪ್ರತಿ ಬದಲಾವಣೆಯನ್ನು ದಿನಾಂಕ ಸಹಿತ ವಹಿಯಲ್ಲಿ ನಮೂದಿಸಿರಿ. ನಿರ್ವಾಹಕರು ಬದಲಾದರೂ ಯಂತ್ರಗಳ ಪರಿಚಯವು ಕಚೇರಿಯಲ್ಲಿಯೇ ಉಳಿಯಬೇಕು.