ಗೂಡಿನ ಮಾರುಕಟ್ಟೆಯಲ್ಲಿ ನಿಂತರೆ ಹುಳುಮನೆ ಏಕೆ ಕಾಣುತ್ತಿಲ್ಲ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಹುಳುಮನೆಗೆ ಎರಡು ಕ್ಯಾಮೆರಾ ಹಾಕಿಸಿದ್ದೇವೆ. ಮನೆಯ ವೈಫೈನಲ್ಲಿದ್ದಾಗ ಫೋನಿನಲ್ಲಿ 192.168.1.64 ಎಂದು ಒತ್ತಿದರೆ ಚಿತ್ರ ಬರುತ್ತದೆ. ಗೂಡು ಹಾಕಲು ಮಾರುಕಟ್ಟೆಗೆ ಹೋದಾಗ ಅದೇ ನಂಬರಿಗೆ ಏನೂ ಬರುವುದಿಲ್ಲ. ಒಬ್ಬರು ‘ಸ್ಟ್ಯಾಟಿಕ್ ಐಪಿ ತಗೊಳ್ಳಿ’ ಅಂತಾರೆ, ಇನ್ನೊಬ್ಬರು ‘ಪೋರ್ಟ್ ಓಪನ್ ಮಾಡಿಸಿ’ ಅಂತಾರೆ. ಕರೆಂಟ್ ಹೋಗಿ ಬಂದ ಮೇಲೆ ಕೆಲವೊಮ್ಮೆ ಮನೆಯಲ್ಲೂ ಕಾಣುವುದಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ನೀವು ಒತ್ತುತ್ತಿರುವ ನಂಬರು ಮನೆಯೊಳಗಿನದು, ಅಷ್ಟೇ.

ಹಳೆಯ ವಠಾರವೊಂದನ್ನು ನೆನೆಸಿಕೊಳ್ಳಿ. ಒಳಗಿನ ಮನೆಗಳಿಗೆ ಒಂದು, ಎರಡು, ಮೂರು ಎಂದು ನಂಬರು. ಚಿಂತಾಮಣಿಯ ವಠಾರದಲ್ಲೂ ಮೂರನೇ ಮನೆ ಇರುತ್ತದೆ, ಚಿಕ್ಕಬಳ್ಳಾಪುರದ ವಠಾರದಲ್ಲೂ ಇರುತ್ತದೆ. ಬೀದಿಯಲ್ಲಿ ನಿಂತು ಬರೀ ‘ಮೂರನೇ ಮನೆ ಯಾವುದು’ ಎಂದರೆ ಯಾರು ದಾರಿ ತೋರಿಸಿಯಾರು? 192.168 ಎಂದು ಶುರುವಾಗುವ ಐಪಿ ವಿಳಾಸಗಳೆಲ್ಲ ಇಂಥ ಒಳಮನೆ ನಂಬರುಗಳು. ನಿಮ್ಮ ಪಕ್ಕದ ಮನೆಯ ಟಿವಿಗೂ ಇದೇ ನಂಬರು ಇರಬಹುದು. 1981ರಲ್ಲಿ ಗೊತ್ತುಮಾಡಿದ ಪದ್ಧತಿಯಲ್ಲಿ ಜಗತ್ತಿಗೆಲ್ಲ ಸೇರಿ ಸಿಗುವುದು ಸುಮಾರು 430 ಕೋಟಿ ವಿಳಾಸ ಮಾತ್ರ. ಎಲ್ಲ ಯಂತ್ರಗಳಿಗೂ ಅದು ಸಾಲದು. ಅದಕ್ಕೇ ಕೆಲವು ನಂಬರುಗಳನ್ನು ಮನೆಮನೆಯ ಒಳಬಳಕೆಗೆ ಬಿಟ್ಟುಕೊಟ್ಟಿದ್ದಾರೆ.

ವಠಾರದ ಹೆಬ್ಬಾಗಿಲಲ್ಲಿ ಕೂತಿರುವುದು ರೂಟರ್. ಹೊರಲೋಕಕ್ಕೆ ತಿಳಿಯುವುದು ಅದರ ವಿಳಾಸವೊಂದೇ, ಅದು ಪಬ್ಲಿಕ್ ಐಪಿ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ಯಾವ ಮನೆಗೆಂದು ನೆನಪಿಟ್ಟುಕೊಂಡು ತಲುಪಿಸುತ್ತದೆ. ತಾನಾಗಿ ಬಂದು ಬಾಗಿಲು ತಟ್ಟಿದವರನ್ನು ಒಳಗೆ ಬಿಡುವುದಿಲ್ಲ. ‘ನ್ಯಾಟ್’ ಎನ್ನುವುದು ಈ ಕೆಲಸಕ್ಕೇ.

ಇನ್ನು ಪೋರ್ಟ್. ಒಂದೇ ಕಚೇರಿಯಲ್ಲಿ ಬೇರೆಬೇರೆ ಕೆಲಸಕ್ಕೆ ಬೇರೆಬೇರೆ ಕಿಟಕಿ ಇದ್ದಂತೆ. ವೆಬ್ ಪುಟಕ್ಕೆ 80 ಮತ್ತು 443, ಕ್ಯಾಮೆರಾದ ವಿಡಿಯೊಗೆ ಸಾಮಾನ್ಯವಾಗಿ 554. ‘ಪೋರ್ಟ್ ಓಪನ್’ ಎಂದರೆ ಈ ಕಿಟಕಿ ಕೇಳಿಕೊಂಡು ಬಂದ ಯಾರನ್ನಾದರೂ ನೇರ ಕ್ಯಾಮೆರಾದ ಹತ್ತಿರ ಕಳಿಸು ಎಂದು ರೂಟರಿಗೆ ಅಪ್ಪಣೆ ಕೊಡುವುದು. ಹಾಗೆ ಬರುವವರಿಗೆ ಹೆಬ್ಬಾಗಿಲಿನ ವಿಳಾಸ ಬದಲಾಗದೆ ಇರಬೇಕಲ್ಲ, ಅದಕ್ಕೆ ಸ್ಟ್ಯಾಟಿಕ್ ಐಪಿ. ಆದರೆ ಸಿಮ್ ಹಾಕುವ ರೂಟರ್‌ಗಳಲ್ಲಿ, ಎಷ್ಟೋ ಫೈಬರ್ ಸಂಪರ್ಕಗಳಲ್ಲೂ, ಕಂಪನಿಯವರು ಅನೇಕ ಗಿರಾಕಿಗಳನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸಿರುತ್ತಾರೆ. ಅದು ವಠಾರದೊಳಗೊಂದು ವಠಾರ. ರೂಟರ್ ಪುಟದಲ್ಲಿ ‘ವ್ಯಾನ್ ಐಪಿ’ ನೋಡಿ. ಅದು 10ರಿಂದ, ಇಲ್ಲವೇ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಪೋರ್ಟ್ ತೆರೆದೂ ಪ್ರಯೋಜನವಿಲ್ಲ.

ಪಬ್ಲಿಕ್ ಐಪಿ ಸಿಕ್ಕರೂ ತೆರೆಯಬೇಡಿ ಎಂದೇ ನನ್ನ ಮಾತು. 2016ರಲ್ಲಿ ‘ಮಿರಾಯ್’ ಎಂಬ ಕೇಡಿನ ಪ್ರೋಗ್ರಾಂ ಇಂಥ ತೆರೆದ ಬಾಗಿಲುಗಳನ್ನೇ ಹುಡುಕಿ, ಫ್ಯಾಕ್ಟರಿಯಲ್ಲಿ ಹಾಕಿಕೊಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಒತ್ತಿ, ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಾಗಿ, ವೆಬ್‌ಸೈಟುಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ‘ಡೈನ್’ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸಿಗಲಿಲ್ಲ. ಕ್ಯಾಮೆರಾಗಳ ಮಾಲೀಕರಲ್ಲಿ ಬಹುಪಾಲು ಜನಕ್ಕೆ ತಮ್ಮ ಮನೆಯಿಂದಲೇ ದಾಳಿ ನಡೆದದ್ದು ಗೊತ್ತೂ ಆಗಿರಲಿಕ್ಕಿಲ್ಲ.

ನಿಮಗೆ ಸುಲಭದ ದಾರಿ ಕ್ಯಾಮೆರಾದ ಕಂಪನಿಯ ಆ್ಯಪ್. ಕ್ಯಾಮೆರಾದ ಮೇಲಿನ ಕ್ಯೂಆರ್ ಕೋಡನ್ನು ಅದರಲ್ಲಿ ಸ್ಕ್ಯಾನ್ ಮಾಡಿ. ಆಗ ಕ್ಯಾಮೆರಾ ತಾನೇ ಒಳಗಿನಿಂದ ಹೊರಟು ಕಂಪನಿಯ ಸರ್ವರನ್ನು ಮಾತಾಡಿಸುತ್ತದೆ, ನಿಮ್ಮ ಫೋನೂ ಅಲ್ಲಿಗೇ ಹೋಗಿ ಅದನ್ನು ಭೇಟಿಯಾಗುತ್ತದೆ. ಒಳಗಿನಿಂದ ಹೊರಟದ್ದನ್ನು ರೂಟರ್ ತಡೆಯುವುದಿಲ್ಲ. ಸ್ಟ್ಯಾಟಿಕ್ ಐಪಿಗೆ ದುಡ್ಡು ಕೊಡಬೇಕಿಲ್ಲ. ಪಾಸ್‌ವರ್ಡ್ ಮಾತ್ರ ಮೊದಲ ದಿನವೇ ಬದಲಿಸಿ. ಕ್ಯಾಮೆರಾ ಕೂರಿಸಿದವರಿಗೆ ಗೊತ್ತಿರುವುದು ನಿಮ್ಮ ಪಾಸ್‌ವರ್ಡ್ ಆಗಿರಬಾರದು.

ಕರೆಂಟ್ ಹೋಗಿ ಬಂದಾಗ ಆಗುವುದೇ ಬೇರೆ. ಒಳಮನೆಯ ನಂಬರು ಹಂಚುವುದೂ ರೂಟರೇ. ಆ ಹಂಚಿಕೆಗೆ ಡಿಎಚ್‌ಸಿಪಿ ಎಂದು ಹೆಸರು. ಎಲ್ಲವೂ ಒಟ್ಟಿಗೆ ಎದ್ದಾಗ ಮೊನ್ನೆ 64 ಆಗಿದ್ದ ಕ್ಯಾಮೆರಾ ಇವತ್ತು 67 ಆಗಿರಬಹುದು. ಕ್ಯಾಮೆರಾದ ಲೇಬಲ್ಲಿನಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ‘ಮ್ಯಾಕ್’ ವಿಳಾಸವಿರುತ್ತದೆ. ಅದು ಹುಟ್ಟಿನಿಂದ ಬಂದದ್ದು. ಈ ಮ್ಯಾಕಿಗೆ ಸದಾ 64 ಕೊಡು ಎಂದು ರೂಟರಿನ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಬರೆಸಿಬಿಡಿ.

ನೀವು ಕೇಳದಿದ್ದರೂ ಡೇಟಾದ ಲೆಕ್ಕ ಹೇಳಬೇಕು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ. ದಿನಕ್ಕೆ 2 ಜಿಬಿಯ ಸಿಮ್ಮಿನಲ್ಲಿ ಹೊರಗಿನಿಂದ ಎಡೆಬಿಡದೆ ನೋಡಿದರೆ ಸುಮಾರು ಎರಡೂಕಾಲು ಗಂಟೆಗೆ ಖಾಲಿ. ರೆಕಾರ್ಡಿಂಗಿಗೆ ಈ ಹೆದರಿಕೆಯಿಲ್ಲ, ಅದನ್ನು ಹುಳುಮನೆಯಲ್ಲೇ ಇಡುವ ಎನ್‌ವಿಆರ್ ಎಂಬ ರೆಕಾರ್ಡಿಂಗ್ ಪೆಟ್ಟಿಗೆಗೆ ಒಪ್ಪಿಸಿ. ಗೌರಿಬಿದನೂರಿನಲ್ಲಿ 1965ರಿಂದಲೂ ಇರುವ ಭೂಕಂಪ ಮಾಪಕಗಳ ಜಾಲದ ಕ್ರಮವೂ ಇದೇ. ಇಪ್ಪತ್ತು ಮಾಪಕಗಳು ಎಲ್ ಆಕಾರದಲ್ಲಿ ಹರಡಿಕೊಂಡು ನೆಲದ ನಡುಕವನ್ನು ಗ್ರಹಿಸುತ್ತವೆ, ದಾಖಲಾಗುವುದು ಒಂದೇ ಕೇಂದ್ರದಲ್ಲಿ. ಇಂಟರ್‌ನೆಟ್ ಕಡಿದುಹೋದರೂ ಕ್ಯಾಮೆರಾದಿಂದ ಎನ್‌ವಿಆರ್‌ಗೆ ಚಿತ್ರ ಹರಿಯುತ್ತಲೇ ಇರುತ್ತದೆ. ನಿಮ್ಮ ಎರಡು ಕ್ಯಾಮೆರಾಗಳಿಗೆ 1 ಟಿಬಿ ಡಿಸ್ಕ್ ಇಪ್ಪತ್ಮೂರು ದಿನ ಬರುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ ಗೂಡು ಬಿಡಿಸುವವರೆಗೆ ಧಾರಾಳವಾಗಿ ಸಾಕು.

ಎನ್‌ವಿಆರ್‌ನಿಂದ ಕ್ಯಾಮೆರಾಗೆ ಕೇಬಲ್ ಎಳೆಸುವಾಗ 100 ಮೀಟರ್ ದಾಟಬೇಡಿ. ಬೆಳೆ ಮುಗಿದು ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವ ಮುನ್ನ ಕ್ಯಾಮೆರಾಗಳನ್ನು ಬಿಚ್ಚಿ, ಕೇಬಲ್ಲಿನ ತುದಿಗೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ. ಆ ಗಾಳಿಗೆ ಪಿನ್ನುಗಳು ಬೇಗ ತುಕ್ಕು ಹಿಡಿಯುತ್ತವೆ.